ಎರೆನಾಡಿನ ಹಿತ್ತಲಿಗೆ ತಕ್ಕ ಹೂಬಳ್ಳಿಗಳು

ಗೃಹಸ್ಥನ ಮನೆಗೆ ಧಾನ್ಯ, ಎಣ್ಣೆ, ಉಪ್ಪುಗಳಂತೆ ಹೂವೂ ನಿತ್ಯದ ಪದಾರ್ಥವೇ ಆಗಿರುವದು. ದೇವರ ತಲೆಯ ಮೇಲೆ ಏರಿಸಲಿಕ್ಕೆ ಹೂವು ಬೇಕು. ಹೆಣ್ಣುಮಕ್ಕಳ ಮುಡಿಗೆ ಹೂವು ಬೇಕು. ಬಂದವರಿಗೆ ಅರಿಷಿಣ ಕುಂಕುಮದೊಡನೆ ಕೊಡಲಿಕ್ಕೂ ಹೂವು ಬೇಕು. ಪೇಟೆಯ ಹೂವು ಮೊಳದ ಲೆಕ್ಕದಿಂದ ಬರುವದು; ಹಬ್ಬದ ದಿನ ಅದರ ಧಾರಣೆಯು ಏರುವದು. ಹಿತ್ತಲಿನ ಹೂವಿಗಾದರೋ ಧಾರಣೆಯೆಂಬದಿಲ್ಲ. ಅದೂ ಅಲ್ಲದೆ ಮನೆಯ ಪಡುವಣ ಗೋಡೆಗೆ ನೆರಳು, ಸಂಜೆಯ ಹೊತ್ತು ಕುಳಿತವರಿಗೆ ತಂಪು, ಮಕ್ಕಳ ಕಣ್ಣಿಗೆ ಒಂದು ಪಾಠ, ಇಷ್ಟೂ ಅದರಿಂದ ದೊರೆಯುವವು. ಆದಕಾರಣ ಹಿತ್ತಲುಳ್ಳವರೆಲ್ಲರೂ ಎರಡು ಹೂಬಳ್ಳಿಗಳನ್ನೂ ನಾಲ್ಕು ಹೂಗಿಡಗಳನ್ನೂ ಬೆಳೆಸತಕ್ಕದ್ದೆಂದು ನಾವು ಬಹುಕಾಲದಿಂದ ಹೇಳುತ್ತ ಬಂದಿರುವೆವು.

ಆದರೆ ಯಾವ ಬಳ್ಳಿ? ಮಳೆಗಾಲವು ಹತ್ತಿದೊಡನೆ ಸಸಿ ಮಾರುವವರ ಗಾಡಿಗಳು ಓಣಿ ಓಣಿಗೆ ಬರುವವು. ಆ ಸಸಿಗಳಲ್ಲಿ ಮಲೆನಾಡಿನವು ಕೆಲವು, ಕರಾವಳಿಯವು ಕೆಲವು, ಪರದೇಶದವು ಕೆಲವು. ಅರಳಿದ ಹೂವನ್ನು ಕಂಡು ಮನಸ್ಸು ಸೋತು ಕೊಂಡುಬಿಡುವೆವು. ಶ್ರಾವಣದಲ್ಲಿ ಅವು ಚಿಗುರುವವು, ಮಾಘದಲ್ಲಿ ಮಂಕಾಗುವವು, ಯುಗಾದಿಯ ಹೊತ್ತಿಗೆ ಒಣಕಡ್ಡಿಗಳಾಗಿ ನಿಲ್ಲುವವು. ಈ ಹಾನಿಯು ಬರಿಯ ದುಡ್ಡಿನದಲ್ಲ. ಸಾಯಲಿರುವ ಗಿಡವನ್ನು ಉಳಿಸಬೇಕೆಂದು ಸುರಿದ ನೀರೂ, ಆ ನೀರನ್ನು ಹೊತ್ತ ತೋಳುಗಳ ಶ್ರಮವೂ ವ್ಯರ್ಥವಾಗುವವು. ಬಹಳ ಮನೆಗಳಲ್ಲಿ ಸಸಿಯನ್ನು ಆರಿಸುವವನು ಯಜಮಾನ. ವೈಶಾಖದಲ್ಲಿ ಅದಕ್ಕೆ ನೀರು ಹೊರುವವಳು ಗೃಹಿಣಿ. ಆದಕಾರಣ ಬಳ್ಳಿಯನ್ನು ಆರಿಸುವಾಗ ಮೊದಲು ಕೇಳತಕ್ಕ ಪ್ರಶ್ನೆಯು “ಇದರ ಹೂವು ಎಂಥದು?” ಎಂಬದಲ್ಲ; “ವೈಶಾಖದಲ್ಲಿ ಇದಕ್ಕೆ ಎಷ್ಟು ಕೊಡ ನೀರು ಬೇಕು? ಆ ಕೊಡವನ್ನು ಹೊರುವವರು ಯಾರು?” ಎಂಬದೇ ಆಗಿರುವದು. ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ನರಗುಂದ, ರೋಣ, ಗಜೇಂದ್ರಗಡಗಳ ಸೀಮೆಗೆ ತಕ್ಕ ಬಳ್ಳಿಗಳ ವಿಚಾರವನ್ನು ವಾಚಕರ ಮುಂದೆ ಇಡುವೆವು.

ನೆಲದ ಗುಣ

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿಯು ಕನ್ನಡದಲ್ಲಿ ‘ಲೋಕೋಪಕಾರ’ವೆಂಬ ಗ್ರಂಥವನ್ನು ಬರೆದನು. ಗೃಹಸ್ಥರಿಗೆ ಬೇಕಾದ ನಾನಾ ವಿದ್ಯೆಗಳ ನಡುವೆ ಅದರಲ್ಲಿ ವೃಕ್ಷಾಯುರ್ವೇದಕ್ಕೂ ಸ್ಥಾನವಿರುವದು. ವೃಕ್ಷಾಯುರ್ವೇದವನ್ನು ಬರೆದ ನಮ್ಮ ಪೂರ್ವಿಕರು ಗಿಡದ ಮಾತಿಗಿಂತ ಮುಂಚೆ ನೆಲದ ಮಾತನ್ನೆತ್ತುವರು. ಭೂಮಿಯು ಜಾಂಗಲ, ಅನೂಪ, ಸಾಧಾರಣವೆಂದು ಮೂರು ವಿಧ. ನೀರು ಕಡಿಮೆಯಾಗಿ ಬಿಸಿಲು ಗಾಳಿಗಳು ಹೆಚ್ಚಾದದ್ದು ಜಾಂಗಲ, ನೀರು ನಿಂತು ಜೌಗಾದದ್ದು ಅನೂಪ, ನಡುವಿನದು ಸಾಧಾರಣ. ಒಂದು ನೆಲಕ್ಕೆ ತಕ್ಕ ಗಿಡವು ಇನ್ನೊಂದಕ್ಕೆ ತಕ್ಕದ್ದಾಗಲಾರದು. ಸಾವಿರ ವರುಷ ಕಳೆದರೂ ಈ ಮಾತಿನ ಸತ್ಯವು ಸವೆದಿಲ್ಲ.

ನಮ್ಮ ನೆಲವು ಯಾವ ಜಾತಿಯದು? ಬಾಬಾಸಾಹೇಬ ಭಾವೆಯವರು 1858ರಲ್ಲಿ ಆಂಗ್ಲರ ವಿರುದ್ಧ ಎದ್ದಾಗ ಅವರ ಕೋಟೆಯಿದ್ದ ನರಗುಂದದ ಗುಡ್ಡವನ್ನೇರಿ ನೋಡಿದರೆ ಸುತ್ತಲೂ ಕರಿಯ ಎರೆಭೂಮಿಯೇ ಕಾಣುವದು. ಗದಗ ಜಿಲ್ಲೆಗೆ ವರುಷಕ್ಕೆ ಸರಾಸರಿ ಬೀಳುವ ಮಳೆಯು ಸುಮಾರು 600 ಮಿಲ್ಲಿಮೀಟರು ಮಾತ್ರ. ಅದರ ಬಹುಭಾಗವು ಜೂನದಿಂದ ಅಕ್ಟೋಬರದೊಳಗೆ ಮುಗಿದುಹೋಗುವದು. ಹೀಗಾಗಿ ಇದು ಜಾಂಗಲದೇಶವೇ ಸರಿ. ಆದರೆ ಎರೆಮಣ್ಣಿನ ಸ್ವಭಾವವು ವಿಲಕ್ಷಣವಾದದ್ದು. ಇದರ ಜಿಗುಟಾದ ಸೂಕ್ಷ್ಮ ಕಣಗಳು ನೀರು ಕುಡಿದಾಗ ಉಬ್ಬುವವು, ಒಣಗಿದಾಗ ಕುಗ್ಗುವವು. ಭಾದ್ರಪದದಲ್ಲಿ ನೀರು ಇಂಗದೆ ಬೇರಿನ ಸುತ್ತ ನಿಲ್ಲುವದರಿಂದ ಬೇರಿಗೆ ಉಸಿರಾಡಲು ಗಾಳಿಯು ಸಿಕ್ಕುವದಿಲ್ಲ. ಅದೇ ನೆಲವು ಚೈತ್ರದಲ್ಲಿ ಕೈ ಇಳಿಯುವಷ್ಟು ಬಿರಿದು ಎಳೆಯ ಬೇರುಗಳನ್ನು ಹರಿದುಹಾಕುವದು. ಅಂದರೆ ಒಂದೇ ಹಿತ್ತಲು ಮಳೆಗಾಲದಲ್ಲಿ ಅನೂಪ, ಬೇಸಗೆಯಲ್ಲಿ ಜಾಂಗಲ! ಎರಡನ್ನೂ ತಾಳುವ ಗಿಡವೇ ನಮಗೆ ಬೇಕು.

ಇದಲ್ಲದೆ ಎರೆಯಲ್ಲಿ ಸುಣ್ಣದ ಅಂಶವು ಅಧಿಕ. ಸುಣ್ಣವು ಹೆಚ್ಚಾದ ನೆಲದಲ್ಲಿ ಕಬ್ಬಿಣದ ಸತ್ವವಿದ್ದರೂ ಬೇರಿಗೆ ದೊರೆಯದಂತೆ ಕಟ್ಟಿಹೋಗುವದು. ಆಗ ಎಳೆಯ ಎಲೆಗಳು ಹಳದಿಯಾಗಿ, ನರಗಳಷ್ಟೇ ಹಸುರಾಗಿ ಉಳಿಯುವವು. ಕರಾವಳಿಯ ಬೀಗರ ಮನೆಯಿಂದ ಅಕ್ಕರೆಯಿಂದ ತಂದ ಕೇಪಳದ ಗಿಡವು ನಮ್ಮಲ್ಲಿ ಬಿಳಿಚಿಕೊಳ್ಳುವದು ಇದೇ ಕಾರಣದಿಂದ. ಅಲ್ಲಿಯ ಹುಳಿಮಣ್ಣಿಗೆ ಹುಟ್ಟಿದ ಗಿಡವದು. ಕಾಲುವೆಯ ಬದಿಯ ಊರುಗಳಲ್ಲಿ ಸವಳಿನ ಬಾಧೆಯೂ ಸೇರಿರುವದು: ನೀರು ಅತಿಯಾಗಿ, ಬಸಿದುಹೋಗಲು ದಾರಿಯಿಲ್ಲದೆ, ನೆಲದಾಳದ ಉಪ್ಪು ಮೇಲಕ್ಕೆದ್ದು ಬಿಳಿಯ ಪೊರೆಯಾಗಿ ಕಾಣಿಸುವದು. ಗಜೇಂದ್ರಗಡದ ಗುಡ್ಡದ ಮಗ್ಗುಲಿಗೆ ಮಾತ್ರ ಕೆಂಪು ಮಸಾರಿಯೂ ಕಲ್ಲುನೆಲವೂ ಇರುವವು. ಅಲ್ಲಿ ನೀರು ನಿಲ್ಲುವ ಭಯವಿಲ್ಲ. ಬೇಗ ಒಣಗುವ ಭಯವುಂಟು.

ಕೊನೆಯದಾಗಿ ಗಾಳಿ. ಆಷಾಢದ ಪಡುವಣ ಗಾಳಿಯ ವೇಗವನ್ನು ನಮ್ಮ ಸೀಮೆಯವರಿಗೆ ಬಣ್ಣಿಸಬೇಕಾಗಿಲ್ಲ. ಗದಗ ಜಿಲ್ಲೆಯಲ್ಲಿ ನಿಲ್ಲಿಸಿದ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ತೆಳುಗಾಲಿನ ಹಂದರವೂ ಮೆದುಕಾಂಡದ ಬಳ್ಳಿಯೂ ಆ ಗಾಳಿಗೆ ನಿಲ್ಲಲಾರವು.

ನೀರಿನ ಲೆಕ್ಕ

ಶಕುಂತಲೆಯು ಗಿಡಗಳಿಗೆ ನೀರುಣಿಸದೆ ತಾನು ನೀರು ಕುಡಿಯುತ್ತಿರಲಿಲ್ಲವೆಂದು ಕಾಳಿದಾಸನು ಕಣ್ವರ ಬಾಯಿಂದ ಹೇಳಿಸಿರುವನು. ಮಹತ್ತಾದ ಮಾತೇ ಸರಿ. ಆದರೆ ಕಣ್ವರ ಆಶ್ರಮವು ಮಾಲಿನೀ ನದಿಯ ದಂಡೆಯ ಮೇಲಿತ್ತೆಂಬದನ್ನು ನಾವು ಮರೆಯಬಾರದು. ನಮ್ಮ ಗೃಹಿಣಿಯರಿಗೆ ಅಂಥ ಅನುಕೂಲವಿಲ್ಲ. ಸವದತ್ತಿ ಸೀಮೆಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಆಣೆಕಟ್ಟಿನಿಂದ 1970ರ ದಶಕದಲ್ಲಿ ಈ ನಾಡಿಗೆ ಕಾಲುವೆಗಳು ಬಂದವು. ಕರದ ಭಾರವನ್ನು ತಾಳದೆ ಎದ್ದ ರೈತರ ಮೇಲೆ 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ಗೋಲಿಬಾರು ನಡೆದು ಜೀವಗಳು ಹೋದವು. 2015ರ ಜುಲೈಯಲ್ಲಿ ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ಇದೇ ನರಗುಂದದಲ್ಲಿ ಮತ್ತೆ ಧರಣಿ ಹೂಡಬೇಕಾಯಿತು. ನೀರಿಗಾಗಿ ಎರಡು ಸಲ ಬೀದಿಗಿಳಿದ ಊರಿನಲ್ಲಿ ಕುಡಿಯುವ ನೀರನ್ನು ಅಲಂಕಾರದ ಹುಲ್ಲುಹಾಸಿಗೆ ಸುರಿಯುವದು ಶೋಭಿಸದು.

ಹಾಗೆಂದು ಹೂವನ್ನೇ ಬಿಡಬೇಕೆಂದಲ್ಲ. ಲೆಕ್ಕವನ್ನು ನೋಡಿರಿ. ಐದು ಜನರ ಮನೆಯಲ್ಲಿ ಒಬ್ಬೊಬ್ಬರ ಸ್ನಾನಕ್ಕೆ 20 ಲೀಟರೆಂದರೂ ದಿನಕ್ಕೆ 100 ಲೀಟರು, ವಾರಕ್ಕೆ 700 ಲೀಟರು ಬಚ್ಚಲಿನಿಂದ ಹರಿದುಹೋಗುವದು. ಬೇರೂರಿದ ಒಂದು ಬಳ್ಳಿಗೆ ಕಡುಬೇಸಗೆಯಲ್ಲಿ ವಾರಕ್ಕೆರಡು ಸಲ ಎರಡೆರಡು ಕೊಡ, ಅಂದರೆ ವಾರಕ್ಕೆ ಸುಮಾರು 60 ಲೀಟರೆಂದು ಹಿಡಿಯಬಹುದು. ಬಚ್ಚಲ ನೀರಿನಲ್ಲಿ ಅರ್ಧವನ್ನೇ ಲೆಕ್ಕಕ್ಕೆ ತೆಗೆದುಕೊಂಡರೂ ಐದು ಬಳ್ಳಿಗಳು ಬದುಕುವವು. ಯಾರೂ ಒಂದು ಕೊಡವನ್ನೂ ಹೊರಬೇಕಾಗಿಲ್ಲ, ಬಚ್ಚಲಿನಿಂದ ಒಂದು ಕಾಲುವೆಯನ್ನು ತೆಗೆದರಾಯಿತು. ಆದಕಾರಣ ಐದು ಬಳ್ಳಿಗಳೆಂಬದನ್ನೇ ನಾವು ಮಿತಿಯಾಗಿ ಇಟ್ಟುಕೊಂಡಿರುವೆವು.

ಇಲ್ಲೊಂದು ಎಚ್ಚರಿಕೆಯುಂಟು. ಬಟ್ಟೆ ಒಗೆದ ನೀರನ್ನು ಎರೆಮಣ್ಣಿಗೆ ಬಿಡಬಾರದು. ಒಗೆಯುವ ಪುಡಿಯಲ್ಲಿಯ ಸೋಡದ ಅಂಶವು ಮಣ್ಣಿನ ಹೆಂಟೆಯನ್ನು ಒಡೆದು ಕೆಸರುಮಾಡಿ ನೆಲದ ರಂಧ್ರಗಳನ್ನು ಮುಚ್ಚುವದು. ಮುಂದೆ ನೀರೂ ಇಂಗದು, ಗಾಳಿಯೂ ಆಡದು. ಮಿತವಾಗಿ ಸಾಬೂನು ಬಳಸಿದ ಸ್ನಾನದ ನೀರು ನಡೆಯುವದು. ಅಕ್ಕಿ ಬೇಳೆ ತೊಳೆದ ನೀರು ಎಲ್ಲಕ್ಕೂ ಉತ್ತಮ. ಮಳೆಗಾಲದಲ್ಲಿ ಮಾಳಿಗೆಯಿಂದ ಇಳಿಯುವ ನೀರನ್ನು ತೊಟ್ಟಿಗೆ ಹಿಡಿದರೆ ಇನ್ನೂ ಅನುಕೂಲ: ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿಲ್ಲಿಮೀಟರು ಮಳೆಯು ಒಂದು ಲೀಟರು ನೀರಾಗುವದರಿಂದ, 50 ಚದರ ಮೀಟರಿನ ಮಾಳಿಗೆಯ ಮೇಲೆ ವರುಷಕ್ಕೆ 30,000 ಲೀಟರು ಬೀಳುವದು. ಉಪ್ಪಿಲ್ಲದ ಈ ನೀರು ಸವಳನ್ನೂ ತೊಳೆಯುವದು.

ಹೆಸರಿನ ಗೊಂದಲ

ಆರಿಸುವದಕ್ಕಿಂತ ಮೊದಲು ಹೆಸರುಗಳನ್ನು ತಿಳಿದುಕೊಳ್ಳುವದು ಅವಶ್ಯ. ಕಾವ್ಯಗಳನ್ನೋದಿದವರು ಮಾಧವೀಲತೆಯನ್ನು ಬಯಸಿ ಹೋದರೆ ಅಂಗಡಿಯವರು ‘ಮಧುಮಾಲತಿ’ಯೆಂದು ರಂಗೂನ್ ಬಳ್ಳಿಯನ್ನು ಕೊಡುವರು. ಇವೆರಡೂ ಬೇರೆ. ಅಮರಸಿಂಹನು ಅತಿಮುಕ್ತ, ವಾಸಂತಿ ಎಂಬ ಹೆಸರುಗಳೊಡನೆ ಹೇಳುವ ಮಾಧವಿಯು ನಮ್ಮ ದೇಶದ್ದೇ ಆದ ಕಾಡುಬಳ್ಳಿ. ಅದರ ಬಿಳಿಯ ಹೂವಿನ ಐದು ಎಸಳುಗಳಲ್ಲಿ ಒಂದಕ್ಕೆ ಹಳದಿಯ ಛಾಯೆಯಿರುವದು, ಕಾಯಿಗೆ ಮೂರು ರೆಕ್ಕೆಗಳಿರುವವು, ಪರಿಮಳವು ಮನೋಹರ. ಆದರೆ ಕಾಂಡವು ಮರದಂತೆ ದಪ್ಪವಾಗಿ ಬೆಳೆಯುವದರಿಂದ ಅದಕ್ಕೆ ತೋಟವೇ ಬೇಕು, ಹಿತ್ತಲು ಸಾಲದು. ಇದೇ ಬಳ್ಳಿಯು ಮಾರಿಷಸ್, ರೀಯೂನಿಯನ್ ದ್ವೀಪಗಳಿಗೆ ಹೋಗಿ ಅಲ್ಲಿಯ ಅಡವಿಯನ್ನೇ ಮುಚ್ಚಿ ಪೀಡೆಯಾಗಿರುವದೆಂಬದು ತಿಳಿಯತಕ್ಕ ಸಂಗತಿ. ತವರಿನಲ್ಲಿ ಸಾಧುವಾದದ್ದು ಪರನೆಲದಲ್ಲಿ ಉದ್ಧಟವಾಗುವದುಂಟು.

ಅದರಂತೆ ಅಮರನು ಹೇಳುವ ಮಾಲತಿಯೂ ಜಾತಿಯೂ ಒಂದೇ; ಜಾತಿಯೇ ನಮ್ಮ ಬಾಯಲ್ಲಿ ಜಾಜಿಯಾಗಿರುವದು. ಶಂಖಪುಷ್ಪವೆಂದು ನಾವು ಕರೆಯುವ ನೀಲಿಹೂವಿನ ಬಳ್ಳಿಗೆ ಸಂಸ್ಕೃತದಲ್ಲಿ ಅಪರಾಜಿತಾ, ಗಿರಿಕರ್ಣಿಕಾ ಎಂದು ಹೆಸರು. ಔಷಧದಂಗಡಿಯ ಶಂಖಪುಷ್ಪಿಯು ಸಾಮಾನ್ಯವಾಗಿ ಬೇರೊಂದು ಮೂಲಿಕೆಯಾಗಿರುವದರಿಂದ ಒಂದನ್ನು ಇನ್ನೊಂದೆಂದು ತಿಳಿದು ಕಷಾಯ ಮಾಡಬಾರದು.

ಹಂದರದ ಬಳ್ಳಿಗಳು

ಈಗ ಐದು ಬಳ್ಳಿಗಳ ಮಾತಿಗೆ ಬರುವೆವು.

ಮೊದಲನೆಯ ಸ್ಥಾನವು ಮಲ್ಲಿಗೆಗೆ ಸಲ್ಲತಕ್ಕದ್ದು. ಕರ್ನಾಟಕದಲ್ಲಿ ಮೈಸೂರು, ಉಡುಪಿ, ಹೂವಿನಹಡಗಲಿ ಈ ಮೂರು ಊರುಗಳ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮನ್ನಣೆಯು ದೊರೆತಿರುವದು. ಇವುಗಳಲ್ಲಿ ಹಡಗಲಿಯು ತುಂಗಭದ್ರೆಯಾಚೆ, ನಮ್ಮ ಮುಂಡರಗಿ ಸೀಮೆಯ ನೆರೆಯಲ್ಲಿಯೇ ಇದೆ. ದುಂಡುಮಲ್ಲಿಗೆಯು ಪೂರ್ಣ ಬಳ್ಳಿಯೂ ಅಲ್ಲ, ಪೂರ್ಣ ಗಿಡವೂ ಅಲ್ಲ. ಆಸರೆ ಕೊಟ್ಟರೆ ಏರುವದು, ಇಲ್ಲದಿದ್ದರೆ ಪೊದೆಯಾಗುವದು. ನಿಂತ ನೀರನ್ನು ಸಹಿಸದೆಂಬದೊಂದೇ ಅದರ ದೋಷ. ಆದಕಾರಣ ಅದನ್ನು ಎತ್ತರದ ದಿಣ್ಣೆಯ ಮೇಲೆ ನೆಡತಕ್ಕದ್ದು. ಇದರ ಹೂವಿನ ಗುಟ್ಟು ಕತ್ತರಿಯಲ್ಲಿರುವದು. ನವೆಂಬರದ ಕೊನೆಗೆ ನೀರನ್ನು ತಡೆದು, ನೆಲದಿಂದ ಒಂದೂವರೆ ಅಡಿ ಬಿಟ್ಟು ಮೇಲಿನದನ್ನೆಲ್ಲ ಸವರಿ, ಎಲೆಗಳನ್ನು ಬಿಡಿಸಿ, ಗೊಬ್ಬರವನ್ನು ಕೊಟ್ಟು ಮತ್ತೆ ನೀರು ಬಿಟ್ಟರೆ ಹೊಸ ಚಿಗುರಿನ ತುದಿಯಲ್ಲೆಲ್ಲ ಮೊಗ್ಗುಗಳು ಬಂದು ಮಾರ್ಚಿನಿಂದ ಮಳೆಯವರೆಗೆ ಹೂವು ದೊರೆಯುವದು. ಗಿಡಕ್ಕೆ ನೋವಾದೀತೆಂದು ಸವರದೆ ಬಿಟ್ಟವರಿಗೆ ಬರಿಯ ಎಲೆಯೇ ಗತಿ.

ಎರಡನೆಯದು ಜಾಜಿ. ಇದು ನಿಜವಾದ ಹಂದರದ ಬಳ್ಳಿ. ದುಂಡುಮಲ್ಲಿಗೆಯು ಮುಗಿಯುವ ಹೊತ್ತಿಗೆ ಇದು ತೊಡಗಿ ಕಾರ್ತಿಕದವರೆಗೂ ಹೂವು ಕೊಡುವದು. ಮೊಗ್ಗಿನ ಬೆನ್ನು ತಿಳಿಗೆಂಪು, ಅರಳಿದರೆ ಒಳಗೆ ಶುಭ್ರ. ಡಿಸೆಂಬರದ ಕೊನೆಯು ಇದನ್ನು ಸವರುವ ಕಾಲ. ಇವೆರಡೂ ಒಂದು ಹಿತ್ತಲಿನಲ್ಲಿದ್ದರೆ ವರುಷದಲ್ಲಿ ಎಂಟೊಂಬತ್ತು ತಿಂಗಳು ಮುಡಿಗೆ ಹೂವಿನ ಕೊರತೆಯಾಗದು. ಉಳಿದ ತಿಂಗಳುಗಳಿಗೂ ಬೇಕೆನ್ನುವವರು ಕಾಕಡವನ್ನು ನೆಡಬಹುದು. ಅದರ ಪರಿಮಳವು ಮಂದ, ಆದರೆ ಜೀವವು ಗಟ್ಟಿ.

ಮೂರನೆಯದು ರಂಗೂನ್ ಬಳ್ಳಿ. ನಮ್ಮ ನೆಲದ ಎರಡೂ ಸ್ವಭಾವಗಳನ್ನು ಇದರಷ್ಟು ತಾಳ್ಮೆಯಿಂದ ಸಹಿಸುವ ಬಳ್ಳಿಯು ಅಪರೂಪ. ಇದಕ್ಕೆ ಸಸ್ಯಶಾಸ್ತ್ರಜ್ಞರು ಮೊದಲು ಇಟ್ಟ ಲ್ಯಾಟಿನ್ ಹೆಸರು ‘ಕ್ವಿಸ್ ಕ್ವಾಲಿಸ್’. “ಯಾರು? ಎಂಥವನು?” ಎಂದು ಅದರ ಅರ್ಥ, ಸಂಸ್ಕೃತದಲ್ಲಿ “ಕಃ? ಕೀದೃಶಃ?” ಎಂದಂತೆ. ಹೆಸರು ಸಾರ್ಥಕವಾದದ್ದು. ಏಕೆಂದರೆ ಸಂಜೆಗೆ ಅರಳಿದಾಗ ಹೂವು ಬಿಳಿದು, ಮರುದಿನ ಗುಲಾಬಿ, ಅದರ ಮರುದಿನ ಕೆಂಪು. ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣಗಳನ್ನು ಕಂಡವರು ಇದಾವ ಹೂವೆಂದು ಕೇಳಲೇಬೇಕು. ರಾತ್ರಿಯಲ್ಲಿ ಬಿಳಿಯ ಬಣ್ಣವೂ ಪರಿಮಳವೂ ಉದ್ದಮೂತಿಯ ದೊಡ್ಡ ಪತಂಗಗಳನ್ನು ಕರೆಯುವವು. ಹಗಲು ಕೆಂಪಾದ ಹೂವು ಜೇನ್ನೊಣಗಳನ್ನೂ ಹಕ್ಕಿಗಳನ್ನೂ ಕರೆಯುವದು. ಪಡುವಣ ಗೋಡೆಯ ಮುಂದೆ ಗಟ್ಟಿ ಹಂದರವನ್ನು ಹಾಕಿ ಇದನ್ನು ಹಬ್ಬಿಸಿದರೆ ಮೂರು ವರುಷಗಳಲ್ಲಿ ಸಂಜೆಯ ಬಿಸಿಲು ಗೋಡೆಗೆ ತಾಗದಂತಾಗುವದು. ಹೊಸ ಸಿಮೆಂಟಿನ ಮನೆಗಳು ರಾತ್ರಿಯೆಲ್ಲ ಕಾವು ಕಾರುವವೆಂದು ದೂರುವವರು ಈ ಉಪಾಯವನ್ನು ಮಾಡಿ ನೋಡಬೇಕು. ಬುಡದಿಂದ ದೂರದೂರದಲ್ಲಿ ಏಳುವ ಮರಿಗಳನ್ನು ಆಗಾಗ ಕಿತ್ತುಹಾಕದಿದ್ದರೆ ಮಾತ್ರ ಇದು ಹಿತ್ತಲನ್ನೇ ಆಕ್ರಮಿಸುವದು.

ನಾಲ್ಕನೆಯದು ಶಂಖಪುಷ್ಪ. ಇದು ಬಡವರ ಬಳ್ಳಿ. ದುಡ್ಡು ಕೊಟ್ಟು ಕೊಳ್ಳುವ ಕಾರಣವಿಲ್ಲ. ನೆರೆಯವರಿಂದ ನಾಲ್ಕು ಬೀಜ ತಂದು ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು ಬಿತ್ತಿದರೆ ಎರಡು ತಿಂಗಳಲ್ಲಿ ಹೂವು ಕಾಣುವದು. ಅವರೆ, ತೊಗರಿಗಳ ಕುಲಕ್ಕೆ ಸೇರಿದ್ದರಿಂದ ಇದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಸತ್ವವನ್ನು ಕೂಡಿಸುವವು. ಪಡೆಯುವದಕ್ಕಿಂತ ಕೊಡುವದೇ ಹೆಚ್ಚೆಂದರೂ ಸಲ್ಲುವದು. ಮಕ್ಕಳಿಗೊಂದು ವಿನೋದವೂ ಉಂಟು: ಈ ಹೂವನ್ನು ಬಿಸಿನೀರಿಗೆ ಹಾಕಿದರೆ ನೀರು ನೀಲಿಯಾಗುವದು, ಅದಕ್ಕೆ ನಿಂಬೆಯ ರಸವನ್ನು ಹಿಂಡಿದರೆ ನೇರಳೆಗೆಂಪಾಗುವದು. ಹುಳಿಯ ಗುಣವನ್ನು ಕಲಿಸಲು ಇದಕ್ಕಿಂತ ಅಗ್ಗದ ಪ್ರಯೋಗವಿಲ್ಲ.

ಐದನೆಯದು ಕಾಗದದ ಹೂವು, ಅಂದರೆ ಬೋಗನ್‌ವಿಲ್ಲಾ. ಫ್ರಾನ್ಸಿನ ನಾವಿಕ ಬೂಗನ್‌ವಿಲ್ಲನು 1766ರಿಂದ 1769ರವರೆಗೆ ಭೂಪ್ರದಕ್ಷಿಣೆ ಮಾಡಿದಾಗ ಅವನೊಡನಿದ್ದ ಕಾಮರ್ಸನ್ ಎಂಬ ಸಸ್ಯಶಾಸ್ತ್ರಜ್ಞನು ಇದನ್ನು ಬ್ರೆಜಿಲ್ ದೇಶದಲ್ಲಿ ಕಂಡನು. ಗಂಡುವೇಷದಿಂದ ಅವನ ಸಹಾಯಕನಾಗಿ ಹಡಗನ್ನೇರಿದ್ದ ಜಾನ್ ಬಾರೆಯು ಹೆಂಗಸೆಂದು ಆಮೇಲೆ ಹೊರಬಿತ್ತು. ಭೂಮಿಯನ್ನು ಸುತ್ತಿದ ಮೊದಲನೆಯ ಸ್ತ್ರೀಯೆಂದು ಅವಳು ಈಗ ಪ್ರಸಿದ್ಧಳು. ನಾವು ಹೂವೆಂದು ತಿಳಿಯುವ ಬಣ್ಣದ ಕಾಗದಗಳು ನಿಜವಾಗಿ ಎಲೆಗಳು. ಹೂವು ಅವುಗಳ ನಡುವೆ ಅಡಗಿದ ಸಣ್ಣ ಬಿಳಿಯ ಕೊಳವೆ. ಪೂಜೆಗೂ ಮುಡಿಗೂ ಬಾರದ ಈ ಬಳ್ಳಿಯನ್ನು ಹೇಳುವದೇಕೆಂದರೆ, ಎರಡು ವರುಷ ಸಲಹಿದ ಬಳಿಕ ಇದಕ್ಕೆ ನೀರಿನ ಹಂಗು ಅತ್ಯಲ್ಪ. ನೀರು ಹೆಚ್ಚಾದರೆ ಎಲೆಯೇ ಬೆಳೆಯುವದು. ಬಾಯಾರಿದಾಗಲೇ ಬಣ್ಣವು ಏರುವದು. ಮುಳ್ಳುಗಳಿರುವದರಿಂದ ಮಕ್ಕಳು ಆಡುವ ಕಡೆಗೆ ಬೇಡ. ಆವರಣದ ಹೊರಗೋಡೆಗೆ ಇದು ಬೇಲಿಯೂ ಆಗುವದು, ಶೋಭೆಯೂ ಆಗುವದು.

ಬೇಡವೆನ್ನತಕ್ಕ ಬಳ್ಳಿಗಳನ್ನೂ ಹೇಳಬೇಕಷ್ಟೆ. ಹಳದಿ ಕೆಂಪು ಹೂಗಳ ಮಾಲೆಗಳನ್ನು ಇಳಿಬಿಡುವ ಥನ್‌ಬರ್ಜಿಯಾದ ಒಂದು ಜಾತಿಗೆ ಮೈಸೂರಿನ ಹೆಸರೇ ಇರುವದಾದರೂ ಅದು ಸಹ್ಯಾದ್ರಿಯ ತಂಪಿನಲ್ಲಿ ಹುಟ್ಟಿದ್ದು. ನಮ್ಮ ಏಪ್ರಿಲ ಗಾಳಿಗೆ ಸುಟ್ಟುಹೋಗುವದು. ಅಗ್ನಿಶಿಖೆಯೆಂಬ ಗೌರಿಹೂವು ನೋಡಲು ಬೆಂಕಿಯ ನಾಲಗೆಯಂತೆ ಸುಂದರ. ಆದರೆ ಅದರ ಗಡ್ಡೆಯು ಪ್ರಾಣಾಂತಿಕವಾದ ವಿಷ. ಮಕ್ಕಳಿರುವ ಮನೆಗೆ ಅದು ಸಲ್ಲದು.

ಬಹುಕಾಲ ಬಾಳುವ ಗಿಡಗಳು

ಬಳ್ಳಿಗಳ ಬುಡದಲ್ಲಿಯೂ ಅಂಗಳದ ಅಂಚಿನಲ್ಲಿಯೂ ವರುಷವರುಷಕ್ಕೆ ಬಿತ್ತುವ ಕಾರಣವಿಲ್ಲದ ಗಿಡಗಳನ್ನು ನೆಡುವದು ಜಾಣತನ. ನಂದಿಬಟ್ಟಲು ಅವುಗಳಲ್ಲಿ ಅಗ್ರಗಣ್ಯ. ಪೂಜೆಗೆ ದಿನಾಲು ಬಿಳಿಯ ಹೂವು, ಬೇಡುವದು ಅತ್ಯಲ್ಪ. ನಿತ್ಯಪುಷ್ಪವು ಇನ್ನೂ ಗಟ್ಟಿ. ಮಡಗಾಸ್ಕರ ದ್ವೀಪದಿಂದ ಬಂದ ಈ ಸಣ್ಣ ಗಿಡದಿಂದ 1958ರಲ್ಲಿ ಕೆನಡಾ ದೇಶದ ನೋಬಲ್, ಬಿಯರ್ ಎಂಬ ವಿಜ್ಞಾನಿಗಳು ವಿನ್‌ಬ್ಲಾಸ್ಟಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಅದು ಅರ್ಬುದರೋಗದ ಔಷಧವಾಗಿ ಎಷ್ಟೋ ಜೀವಗಳನ್ನು ಉಳಿಸಿತು. ಆದರೆ ಅದು ವೈದ್ಯರ ಕೈಯಲ್ಲಿ ಮಾತ್ರ ಔಷಧ. ಮನೆಯಲ್ಲಿ ಎಲೆಯನ್ನು ಅಗಿಯುವದು ಅಪಾಯಕರ.

ಕಣಗಿಲೆಯು ಬಿಸಿಲು, ಸವಳು, ಗಾಳಿ ಯಾವದಕ್ಕೂ ಅಂಜದು. ಆದರೆ ಸಂಸ್ಕೃತದಲ್ಲಿ ಕರವೀರಕ್ಕೆ ‘ಹಯಮಾರಕ’ವೆಂಬ ಇನ್ನೊಂದು ಹೆಸರಿರುವದು. ಕುದುರೆಯನ್ನು ಕೊಲ್ಲುವಂಥದೆಂದು ಅದರ ಅರ್ಥ. ನಮ್ಮ ಹಿರಿಯರು ಎಚ್ಚರಿಕೆಯ ಮಾತನ್ನು ಹೆಸರಿನಲ್ಲಿಯೇ ಕಟ್ಟಿಟ್ಟಿರುವರು. ಆದಕಾರಣ ದನ, ಆಡುಗಳು ಬಾಯಿಹಾಕುವಲ್ಲಿ ಅದನ್ನು ನೆಡಬಾರದು. ಸವರಿದ ಟೊಂಗೆಗಳನ್ನು ಒಲೆಗೂ ಮೇವಿನ ಬಣವೆಯ ಬಳಿಗೂ ಒಯ್ಯಬಾರದು.

ಅಬ್ಬಲಿಗೆಯು ಅರೆನೆರಳಿನಲ್ಲಿಯೂ ಹೂವು ಕೊಡುವದು. ಮಲ್ಲಿಗೆಯೊಡನೆ ಹೆಣೆದರೆ ದಂಡೆಗೆ ಬಣ್ಣ ಬರುವದು. ಸೇವಂತಿಗೆಯನ್ನು ಗದಗ ಸೀಮೆಯ ರೈತರು ಹೊಲದಲ್ಲಿಯೇ ಬೆಳೆಯುವರಾದ್ದರಿಂದ ಸಸಿಯು ಸುಲಭವಾಗಿ ದೊರೆಯುವದು. ಹಗಲು ಕಿರಿದಾಗತೊಡಗಿದಾಗಲೇ ಅದು ಮೊಗ್ಗು ಕಟ್ಟುವದು. ರಾತ್ರಿಯೆಲ್ಲ ಬೀದಿದೀಪದ ಬೆಳಕು ಬೀಳುವಲ್ಲಿ ನೆಟ್ಟವರು ಹೂವೇಕೆ ಬಾರದೆಂದು ಗೊಬ್ಬರದ ಮೇಲೆ ಗೊಬ್ಬರ ಸುರಿಯುವರು. ಅದಕ್ಕೆ ಬೇಕಾದದ್ದು ಗೊಬ್ಬರವಲ್ಲ, ಕತ್ತಲೆ. ದಾಸವಾಳವು ಎರೆಯಲ್ಲಿ ಬರುವದಾದರೂ ಎಲೆಯು ಹಳದಿಯಾಗುವ ರೋಗಕ್ಕೆ ಬೇಗ ಈಡಾಗುವದು. ಆಗ ಒಂದು ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನೂ ನಾಲ್ಕು ಹನಿ ನಿಂಬೆಯ ರಸವನ್ನೂ ಕೂಡಿಸಿ ಬಿಸಿಲಿಳಿದ ಮೇಲೆ ಎಲೆಗೆ ಸಿಂಪಡಿಸಬೇಕು. ಮಣ್ಣಿಗೆ ಹಾಕಿದರೆ ಸುಣ್ಣವು ಅದನ್ನು ಕಟ್ಟಿಹಾಕುವದು. ಎಲೆಗೆ ಕೊಟ್ಟರೆ ಎಲೆಯೇ ಉಣ್ಣುವದು.

ನೆಡುವ ಕ್ರಮ

ಎರೆಯಲ್ಲಿ ಗುಂಡಿ ತೋಡಿ ಒಳಗೆಲ್ಲ ಮರಳು ಮಸಾರಿಗಳನ್ನೇ ತುಂಬಿದರೆ ಒಳ್ಳೆಯದೆಂದು ಹಲವರು ತಿಳಿದಿರುವರು. ಇದು ಭ್ರಾಂತಿ. ಸುತ್ತಲಿನ ಜಿಗುಟು ಮಣ್ಣು ನೀರನ್ನು ಬಿಡದಾದ್ದರಿಂದ ಆ ಗುಂಡಿಯು ಮಳೆಗಾಲದಲ್ಲಿ ಬಾವಿಯಾಗುವದು, ಬೇರು ಕೊಳೆಯುವದು. ಎರಡಡಿ ಆಳ, ಎರಡಡಿ ಅಗಲದ ಗುಂಡಿಯ ಗೋಡೆಗಳನ್ನು ಗುದ್ದಲಿಯಿಂದ ಒರಟುಮಾಡಿ, ತೆಗೆದ ಎರೆಯಲ್ಲಿ ಅರ್ಧಪಾಲು, ಉಳಿದರ್ಧದಲ್ಲಿ ಮಸಾರಿ ಮಣ್ಣು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರಗಳನ್ನು ಕಲಸಿ ತುಂಬಬೇಕು. ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರವಾಗಿ ದಿಣ್ಣೆ ಮಾಡಿ ಅದರ ಮೇಲೆ ನೆಡಬೇಕು. ಮಣ್ಣಿನ ಗೋಡೆಯ ಮನೆಯಿದ್ದರೆ ಗೋಡೆಯಿಂದ ನಾಲ್ಕಡಿಯಾದರೂ ದೂರವಿರಬೇಕು. ಇಲ್ಲವಾದರೆ ಬುಡದ ತೇವವು ಗೋಡೆಗೇರುವದು. ಹಂದರಕ್ಕೆ ಕಲ್ಲು ಇಲ್ಲವೆ ಸಿಮೆಂಟಿನ ಕಂಬಗಳನ್ನು ನಿಲ್ಲಿಸಿ ಏಳಡಿ ಎತ್ತರದಲ್ಲಿ ದಪ್ಪ ತಂತಿಯನ್ನು ಬಿಗಿದರೆ ಆಷಾಢದ ಗಾಳಿಗೆ ಅಲುಗದು.

ಬೇಸಗೆಯ ಬಿರುಕುಗಳ ವಿಷಯದಲ್ಲಿ ನಮ್ಮ ರೈತರೇ ಗುರುಗಳು. ಹಿಂಗಾರಿ ಜೋಳದಲ್ಲಿ ಅವರು ಎಡೆ ಹೊಡೆದು ಬಿರುಕು ಮುಚ್ಚಿ ತೇವವನ್ನು ಕಾಯುವರು. ಗೃಹಿಣಿಯು ಕುರ್ಚಿಗೆಯಿಂದ ಹದಿನೈದು ದಿನಕ್ಕೊಮ್ಮೆ ಬುಡದ ಮಣ್ಣನ್ನು ಮೇಲೆ ಮೇಲೆ ಕೆದರಿ, ಜೋಳದ ರವದಿಯನ್ನು ನಾಲ್ಕು ಬೆರಳು ದಪ್ಪ ಹಾಸಿದರೆ ಅದೇ ಫಲವು ದೊರೆಯುವದು. ಮಗ್ಗುಲಲ್ಲಿ ಸುಟ್ಟಮಣ್ಣಿನ ಒಂದು ಗಡಿಗೆಯನ್ನು ಕಂಠದವರೆಗೆ ಹೂಳಿ ನೀರು ತುಂಬಿ ಬಾಯಿ ಮುಚ್ಚಿಟ್ಟರೆ ನೀರು ಮೆಲ್ಲಗೆ ಒಸರಿ ಬೇರಿಗೇ ಸೇರುವದು. ಬಿಸಿಲಿಗೆ ಆರಿಹೋಗುವದು ತಪ್ಪುವದು. ಹಿತ್ತಲಿಲ್ಲದ ಮನೆಯವರು ದೊಡ್ಡ ಕುಂಡಗಳಲ್ಲಿ ದುಂಡುಮಲ್ಲಿಗೆ, ಶಂಖಪುಷ್ಪಗಳನ್ನು ಮಾಳಿಗೆಯ ಮೇಲೆ ಬೆಳೆಸಬಹುದು. ಕುಂಡಕ್ಕೆ ಬರಿಯ ಎರೆಯನ್ನು ಮಾತ್ರ ತುಂಬಬಾರದು.

ಮಲ್ಲಿಗೆಯ ಪರಿಮಳಕ್ಕೆ ಹಾವು ಬರುವದೆಂದು ಅಂಜುವವರುಂಟು. ಹಾವು ಪರಿಮಳಕ್ಕೆ ಬರುವದಿಲ್ಲ. ಒತ್ತಾದ ಪೊದೆಯಲ್ಲಿ ಅಡಗಿದ ಇಲಿ ಕಪ್ಪೆಗಳಿಗಾಗಿ ಬರುವದು. ಬುಡದಿಂದ ಒಂದಡಿಯವರೆಗೆ ಟೊಂಗೆಗಳನ್ನು ಸವರಿ ನೆಲವು ಕಾಣುವಂತೆ ಇಟ್ಟರೆ ಆ ಭಯವು ಬಹುಮಟ್ಟಿಗೆ ನೀಗುವದು.

ಮಿರಗದ ಮಳೆಯು ಬಿದ್ದು ನೆಲವು ಹದವಾದಾಗ ನೆಡತಕ್ಕದ್ದು. ಆಗ ಬೇಸಗೆಗೆ ಮುಂಚೆ ಬೇರಿಗೆ ಎಂಟು ತಿಂಗಳ ಅವಕಾಶವು ದೊರೆಯುವದು. ಮೊದಲನೆಯ ವರುಷವೇ ಐದನ್ನೂ ತರಬೇಕೆಂಬ ಆತುರವು ಬೇಡ. ಒಂದು ಮಲ್ಲಿಗೆ, ಒಂದು ಶಂಖಪುಷ್ಪ ಸಾಕು. ಅವು ಒಂದು ವೈಶಾಖವನ್ನು ಬಚ್ಚಲ ನೀರಿನಿಂದಲೇ ದಾಟಿದವೆಂದರೆ ಮರುವರುಷ ಉಳಿದವನ್ನು ತರಬಹುದು. ತರುವ ಮುಂಚೆ ಯಜಮಾನರು ಗೃಹಿಣಿಯನ್ನು ಒಂದು ಮಾತು ಕೇಳಲಿ. ನೀರಿನ ಲೆಕ್ಕವು ಅವಳಿಗೆ ಗೊತ್ತಿರುವಷ್ಟು ಮನೆಯಲ್ಲಿ ಮತ್ತಾರಿಗೂ ಗೊತ್ತಿರುವದಿಲ್ಲ.